ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾಡಿಗೆ ಸೈಕಲ್ಲಿನಲ್ಲಿ ಮೈಸೂರು

ಮೈಸೂರಿನ ಹಳೆಯ ಬೀದಿಗಳನ್ನು ನೋಡಲು ಕಾರಿಗಿಂತ ಬಾಡಿಗೆ ಸೈಕಲ್ಲೇ ವಾಸಿ ಎಂದು ಕಳೆದ ಸಂಚಿಕೆಯಲ್ಲಿ ಮಾತಿಗೆ ಮಾತು ಬಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಇಷ್ಟೊಂದು ಪತ್ರಗಳು ಬರುತ್ತವೆಂದು ಎಣಿಸಿರಲಿಲ್ಲ. ಒಪ್ಪಿದವರಿಗಿಂತ ಅನುಮಾನಪಟ್ಟವರೇ ಹೆಚ್ಚು. ಹಾಗಾಗಿ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಬಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಪತ್ರಗಳನ್ನು ಸಂಕ್ಷೇಪಿಸಿ ಕೊಟ್ಟಿದ್ದೇನೆ.

ಪ್ರಶ್ನೆ: ನಾವು ಗಂಡ, ಹೆಂಡತಿ ಮತ್ತು ಹದಿನೈದು ವರ್ಷದ ಮಗ ಎರಡು ದಿನದ ಮಟ್ಟಿಗೆ ರೈಲಿನಲ್ಲಿ ಮೈಸೂರಿಗೆ ಬರುವವರಿದ್ದೇವೆ. ಊರು ಸುತ್ತಲು ಸೈಕಲ್ ತೆಗೆದುಕೊಳ್ಳುವುದೋ, ಸ್ಕೂಟರ್ ತೆಗೆದುಕೊಳ್ಳುವುದೋ? ಸೈಕಲ್ ಆದರೆ ಯಾವ ದಾರಿ ಹಿಡಿಯಬೇಕು? – ಹಾವೇರಿಯ ಓದುಗರು

ಉತ್ತರ: ಎಷ್ಟು ದೂರ ಹೋಗುತ್ತೀರಿ ಎಂಬುದರ ಮೇಲೆ ಗಾಡಿಯನ್ನು ಆರಿಸಬೇಡಿ, ಎಷ್ಟು ಕಡೆ ಇಳಿಯುತ್ತೀರಿ ಎಂಬುದರ ಮೇಲೆ ಆರಿಸಿರಿ. ಮೈಸೂರಿನ ನಡುಭಾಗದಲ್ಲಿ ನೋಡತಕ್ಕ ಜಾಗಗಳು ಒಂದಕ್ಕೊಂದು ಅಂಟಿಕೊಂಡಂತಿವೆ. ಐದು ನಿಮಿಷಕ್ಕೊಮ್ಮೆ ಇಳಿಯಬೇಕು, ನಿಲ್ಲಿಸಬೇಕು, ಮತ್ತೆ ಹತ್ತಬೇಕು. ಸ್ಕೂಟರಾದರೆ ಪ್ರತಿ ಸಲವೂ ನಿಲ್ಲಿಸಲು ಜಾಗ ಹುಡುಕಿ, ಹೆಲ್ಮೆಟ್ ಕಳಚಿ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅಲೆಯಬೇಕಾಗುತ್ತದೆ. ಮೂರನೆಯ ಜಾಗದ ಹೊತ್ತಿಗೆ ‘ಇದನ್ನು ಗಾಡಿಯ ಮೇಲಿಂದಲೇ ನೋಡಿದರಾಯಿತು’ ಎನ್ನುವ ಉದಾಸೀನ ಬಂದುಬಿಡುತ್ತದೆ. ಅಲ್ಲದೆ ನಿಮ್ಮ ಮಗನಿಗೆ ಲೈಸೆನ್ಸ್ ಪಡೆಯುವ ವಯಸ್ಸಾಗಿಲ್ಲ, ಒಂದು ಸ್ಕೂಟರಿನಲ್ಲಿ ಮೂವರು ಕೂರುವಂತೆಯೂ ಇಲ್ಲ. ಆದ್ದರಿಂದ ಮೊದಲ ದಿನಕ್ಕೆ ಮೂರು ಸೈಕಲ್ ತೆಗೆದುಕೊಳ್ಳಿ. ಎರಡನೆಯ ದಿನ ದೂರದ ಜಾಗಗಳಿಗೆ ಬಸ್ಸನ್ನೋ ಆಟೋವನ್ನೋ ಹಿಡಿಯಿರಿ.

ಹೊರಡುವ ಹೊತ್ತು ಬೆಳಗಿನ ಆರೂವರೆಯಾಗಿರಲಿ. ರೈಲು ನಿಲ್ದಾಣದ ಕಡೆಯಿಂದ ಧನ್ವಂತರಿ ರಸ್ತೆ ಹಿಡಿದು ಬಂದರೆ ಸಯ್ಯಾಜಿರಾವ್ ರಸ್ತೆ ಸಿಗುತ್ತದೆ. ಅಲ್ಲಿ ಬಲಕ್ಕೆ ತಿರುಗಿದರೆ ದೇವರಾಜ ಮಾರುಕಟ್ಟೆಯ ಉದ್ದನೆಯ ಮುಂಭಾಗ. ಈ ಹೊತ್ತಿನಲ್ಲಿ ಹೂವಿನವರು ಮಲ್ಲಿಗೆಯನ್ನು ಮೊಳ ಹಾಕಿ ಕೊಡುತ್ತಿರುತ್ತಾರೆ, ಚೆಂಡುಹೂವಿನ ರಾಶಿಗೆ ನೀರು ಚಿಮುಕಿಸುತ್ತಿರುತ್ತಾರೆ, ವೀಳ್ಯದೆಲೆಯ ಪಿಂಡಿಗಳು ಒದ್ದೆ ಬಟ್ಟೆಯಡಿಯಿಂದ ಆಗಷ್ಟೇ ಹೊರಬರುತ್ತಿರುತ್ತವೆ. ಸೈಕಲ್ಲನ್ನು ಒಳಗೆ ತಳ್ಳಿಕೊಂಡು ಹೋಗಬೇಡಿ. ಒಳಗಿನ ಓಣಿಗಳು ಇಕ್ಕಟ್ಟು, ತಲೆಹೊರೆಯವರಿಗೆ ಅಡ್ಡಿಯಾಗುತ್ತದೆ. ಹೊರಗೆ ಬೀಗ ಹಾಕಿ ನಡೆಯಿರಿ. 2016ರಲ್ಲಿ ಈ ಕಟ್ಟಡದ ಒಂದು ಭಾಗ ಕುಸಿದುಬಿತ್ತು. ಉಳಿಸಬೇಕೋ ಕೆಡವಬೇಕೋ ಎಂಬ ವಾದ ಅಲ್ಲಿಂದ ಜೋರಾಯಿತು. ಇಂಥ ಸುದ್ದಿಯನ್ನು ಓದುವುದಕ್ಕೂ ಆ ಕಮಾನುಗಳ ಕೆಳಗೆ ನಿಂತು ಕತ್ತೆತ್ತಿ ನೋಡುವುದಕ್ಕೂ ವ್ಯತ್ಯಾಸವಿದೆ.

ಮಾರುಕಟ್ಟೆಯ ದಕ್ಷಿಣ ತುದಿಯಲ್ಲಿ ಚಿಕ್ಕ ಗಡಿಯಾರ. ಅಲ್ಲಿಂದ ಕೃಷ್ಣರಾಜ ವೃತ್ತ ದಾಟಿ ಪುರಭವನದ ಕಡೆಗೆ ಹೋದರೆ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಕಟ್ಟಿಸಿದ ಗೋಪುರವಿದು. ಅದರ ಮುಖದ ಮೇಲಿರುವುದು ಕನ್ನಡ ಅಂಕಿಗಳು. ಇದನ್ನು ಮೈಸೂರಿನವರೇ ಅನೇಕರು ಗಮನಿಸಿಲ್ಲ. ಬಸ್ಸಿನ ಕಿಟಕಿಯಿಂದ ಗಂಟೆಯ ಮುಳ್ಳು ಮಾತ್ರ ಕಾಣುತ್ತದೆ. ಒಂದು ಕಾಲು ನೆಲಕ್ಕೂರಿ ನಿಂತು ನಿಮ್ಮ ಮಗನಿಂದ ೧ರಿಂದ ೧೨ರವರೆಗೆ ಓದಿಸಿ ನೋಡಿ.

ಅರಮನೆ ತೆರೆಯುವುದು ಹತ್ತು ಗಂಟೆಗೆ. ಅಷ್ಟರೊಳಗೆ ತಿಂಡಿ ಮುಗಿಸಿ ಪಶ್ಚಿಮದ ಕಡೆಗೆ ಒಂದು ಸುತ್ತು ಹಾಕಿ ಬರಲು ಸಮಯವಿರುತ್ತದೆ. ಕೃಷ್ಣರಾಜ ಬುಲೆವಾರ್ಡಿನ ಮರಗಳ ಸಾಲಿನಲ್ಲಿ ಸಾಗಿದರೆ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಟ್ಟಡ ಸಿಗುತ್ತದೆ. 1891ರಲ್ಲಿ ಆರಂಭವಾದ ಈ ಸಂಸ್ಥೆಯ ತಾಳೆಗರಿಗಳ ನಡುವೆಯೇ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿ ದೊರೆತದ್ದು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಇನ್ನೂ ಮುಂದೆ ಹೋದರೆ ಕುಕ್ಕರಹಳ್ಳಿ ಕೆರೆ. ಅದರ ಏರಿಯ ಮೇಲಿನ ಹಾದಿ ನಡೆಯುವವರದು, ಸೈಕಲ್ಲನ್ನು ಗೇಟಿನ ಹೊರಗೇ ಬಿಡಿ.

ಮರಳಿ ಬಂದು ಅರಮನೆ ನೋಡಿ. 1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಎದ್ದು 1912ರಲ್ಲಿ ಮುಗಿದ ಕಟ್ಟಡ ಈಗಿನದು. ಪಕ್ಕದಲ್ಲೇ ಇರುವ ಜಗನ್ಮೋಹನ ಅರಮನೆಯನ್ನು ಬಿಡಬೇಡಿ. ಕಲಾವಿದ ಹಳದಣಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರ ಇರುವುದು ಅಲ್ಲಿಯ ಚಿತ್ರಸಂಗ್ರಹಾಲಯದಲ್ಲಿ. ಮೃಗಾಲಯಕ್ಕೆ ಮಂಗಳವಾರ ರಜೆ. ಇವೆಲ್ಲ ಸೇರಿದರೂ ನೀವು ಆ ದಿನ ತುಳಿದ ದೂರ ಹದಿನೈದು ಕಿಲೋಮೀಟರ್ ಮೀರುವುದಿಲ್ಲ.

ಪ್ರಶ್ನೆ: ಮೈಸೂರಿನ ‘ಟ್ರಿಣ್ ಟ್ರಿಣ್’ ಸೈಕಲ್ಲುಗಳ ಬಗ್ಗೆ ಕೇಳಿದ್ದೇನೆ. ಸಮಯಕ್ಕೆ ತಕ್ಕಂತೆ ಬಾಡಿಗೆ ಏರುವುದಾದರೆ, ಅರಮನೆಯೊಳಗೆ ಎರಡು ಗಂಟೆ ಕಳೆದು ಬಂದವನ ಗತಿಯೇನು? ಅಂಗಡಿಯ ಬಾಡಿಗೆ ಸೈಕಲ್ ಮೇಲಲ್ಲವೇ? – ತುಮಕೂರಿನ ಓದುಗರು

ಉತ್ತರ: ಇವೆರಡೂ ಬೇರೆ ಬೇರೆ ಜಾತಿಯ ವಸ್ತುಗಳು, ಒಂದನ್ನು ಇನ್ನೊಂದರಂತೆ ಬಳಸಿದವರೇ ಹೆಚ್ಚಾಗಿ ಬೇಸರಪಡುವುದು. ಟ್ರಿಣ್ ಟ್ರಿಣ್ ಆರಂಭವಾದದ್ದು 2017ರ ಜೂನ್‌ನಲ್ಲಿ, ಆಗ ಸುಮಾರು 450 ಸೈಕಲ್ಲುಗಳು, 50ರ ಆಸುಪಾಸು ನಿಲ್ದಾಣಗಳು ಇದ್ದವು. ಸದಸ್ಯರಾಗಿ ಒಂದು ನಿಲ್ದಾಣದಲ್ಲಿ ಸೈಕಲ್ ಬಿಡಿಸಿಕೊಂಡು ಇನ್ನೊಂದು ನಿಲ್ದಾಣದಲ್ಲಿ ಸಿಕ್ಕಿಸಿ ಹೋಗುವುದು ಅದರ ಕ್ರಮ. ಅಂದರೆ ಅದು ನಿಮ್ಮ ಸೈಕಲ್ ಅಲ್ಲ. ಹತ್ತಿದ ಬಸ್ಸಿನ ಹಾಗೆ. ಬಸ್ಸಿನಿಂದ ಇಳಿದು ಅರಮನೆ ನೋಡಿ ಬರುವವರೆಗೆ ಅದೇ ಬಸ್ಸು ಕಾದು ನಿಂತಿರಲಿ ಎಂದು ನಾವು ಬಯಸುವುದಿಲ್ಲ. ಹಾಗೆಯೇ ಅರಮನೆಯ ಬಳಿಯ ನಿಲ್ದಾಣದಲ್ಲಿ ಇದನ್ನು ಸಿಕ್ಕಿಸಿ, ಲೆಕ್ಕ ಮುಗಿಸಿ, ನಿಶ್ಚಿಂತೆಯಿಂದ ಒಳಗೆ ಹೋಗಿರಿ. ಹೊರಬಂದ ಮೇಲೆ ಬೇರೊಂದು ಸೈಕಲ್.

ಇದರಲ್ಲಿ ದೊಡ್ಡದೊಂದು ಸುಖವಿದೆ: ಬೀಗದ ಚಿಂತೆಯಿಲ್ಲ, ಹೊರಟ ಜಾಗಕ್ಕೇ ಮರಳಬೇಕೆಂಬ ಕಟ್ಟೂ ಇಲ್ಲ. ಸಣ್ಣದೊಂದು ಕಷ್ಟವೂ ಇದೆ: ನೀವು ಹೋದ ನಿಲ್ದಾಣದಲ್ಲಿ ಸೈಕಲ್ ಉಳಿದಿರಬೇಕು, ಬಿಡುವ ಕಡೆ ಖಾಲಿ ಜಾಗ ಇರಬೇಕು. ಸೈಕಲ್ ಬಿಡುವಾಗ ಚಕ್ರ ಒಳಗೆ ಸೇರಿ ‘ಟಕ್’ ಎಂದು ಕಚ್ಚಿಕೊಂಡಿತೇ ಎಂದು ಹ್ಯಾಂಡಲ್ ಹಿಡಿದು ಒಮ್ಮೆ ಹಿಂದಕ್ಕೆ ಜಗ್ಗಿ ನೋಡಿ. ಅರ್ಧ ಸಿಕ್ಕಿದ ಸೈಕಲ್ಲಿನ ಬಾಡಿಗೆ ನಿಮ್ಮ ಲೆಕ್ಕಕ್ಕೇ ಓಡುತ್ತಿರುತ್ತದೆ.

ಅಂಗಡಿಯಿಂದ ಇಡೀ ದಿನಕ್ಕೆ ತಂದ ಸೈಕಲ್ಲಾದರೆ ಸಂಜೆಯವರೆಗೂ ನಿಮ್ಮದೇ. ಯಾವ ಗಲ್ಲಿಗೆ ಬೇಕಾದರೂ ನುಗ್ಗಬಹುದು, ಅಗ್ರಹಾರದ ಯಾವುದೋ ಜಗುಲಿಯ ಮುಂದೆ ಅರ್ಧ ಗಂಟೆ ನಿಂತರೂ ಕೇಳುವವರಿಲ್ಲ. ಹೆಸರಾಂತ ಕಟ್ಟಡಗಳನ್ನು ನೋಡುವವರಿಗೆ ನಿಲ್ದಾಣದ ಸೈಕಲ್, ಗೊತ್ತುಗುರಿಯಿಲ್ಲದೆ ಅಲೆಯುವವರಿಗೆ ಅಂಗಡಿಯ ಸೈಕಲ್ ಒಗ್ಗುತ್ತದೆ. ಗಂಟೆಯ ಲೆಕ್ಕದಲ್ಲಿ ಅಂಗಡಿಯ ಸೈಕಲ್ ತರಬೇಡಿ ಎಂದು ಮಾತ್ರ ಹೇಳುತ್ತೇನೆ. ಗಡಿಯಾರ ನೋಡಿಕೊಂಡು ಊರು ನೋಡಲು ಬರುವುದಿಲ್ಲ.

ಪ್ರಶ್ನೆ: ನನಗೆ 57 ವರ್ಷ, ನಿವೃತ್ತಿ ಹತ್ತಿರವಿರುವ ಶಿಕ್ಷಕಿ. ಸೈಕಲ್ ಮುಟ್ಟಿ ಮೂವತ್ತು ವರ್ಷವಾಯಿತು. ಮಂಡಿ ಆಗಾಗ ನೋಯುತ್ತದೆ, ಉಡುವುದು ಸೀರೆ. ನಗಬೇಡಿ, ನಾನೂ ಮೈಸೂರಿನಲ್ಲಿ ಸೈಕಲ್ ತುಳಿಯಬಹುದೇ? – ಶಿವಮೊಗ್ಗದ ಓದುಗರು

ಉತ್ತರ: ನಗುವ ಮಾತೇ ಇಲ್ಲ, ಮೇಡಂ. ಕಲಿತ ಸೈಕಲ್ ಮರೆಯುವುದಿಲ್ಲ. ಮರೆತುಹೋಗುವುದು ಧೈರ್ಯ ಮಾತ್ರ. ಅದನ್ನು ಮೈಸೂರಿನ ಸಂಚಾರದ ನಡುವೆ ಹುಡುಕಬೇಡಿ. ಹೊರಡುವ ವಾರದ ಮೊದಲು ನಿಮ್ಮ ಶಾಲೆಯ ಮೈದಾನದಲ್ಲೇ ಮಕ್ಕಳು ಮನೆಗೆ ಹೋದ ಮೇಲೆ ನಾಲ್ಕು ಸಂಜೆ ತುಳಿಯಿರಿ. ನೇರವಾಗಿ ಹೋಗುವುದಕ್ಕಿಂತ ನಿಧಾನವಾಗಿ ಹೋಗುವುದನ್ನು, ಬಲಗೈ ಚಾಚಿ ತಿರುವು ತೋರಿಸುವಾಗ ಹ್ಯಾಂಡಲ್ ವಾಲದಂತೆ ಎಡಗೈಯೊಂದರಲ್ಲೇ ಹಿಡಿಯುವುದನ್ನು, ಹಿಂದಿರುಗಿ ನೋಡುವುದನ್ನು ಅಭ್ಯಾಸ ಮಾಡಿ.

ಮಂಡಿನೋವಿನ ವಿಷಯ. ಬಾಡಿಗೆ ಸೈಕಲ್ಲುಗಳ ಸೀಟನ್ನು ಹಿಂದಿನ ಸವಾರ ತನಗೆ ಬೇಕಾದ ಎತ್ತರಕ್ಕೆ ಇಟ್ಟು ಹೋಗಿರುತ್ತಾನೆ, ನಾವು ಅದರ ಮೇಲೇ ಕುಳಿತು ಹೊರಟುಬಿಡುತ್ತೇವೆ. ಸೀಟು ತಗ್ಗಿದ್ದರೆ ಪ್ರತಿ ತುಳಿತಕ್ಕೂ ಮಂಡಿ ಅತಿಯಾಗಿ ಮಡಚಿಕೊಂಡು ಅರ್ಧ ಗಂಟೆಯಲ್ಲೇ ನೋವು ಕಾಣಿಸುತ್ತದೆ. ಸೀಟಿನ ಮೇಲೆ ಕುಳಿತು ಒಂದು ಪೆಡಲನ್ನು ಪೂರ್ತಿ ಕೆಳಗೆ ತಂದಾಗ ಆ ಕಾಲು ಹೆಚ್ಚುಕಡಿಮೆ ನೇರವಾಗಿ, ಮಂಡಿಯಲ್ಲಿ ಸ್ವಲ್ಪವೇ ಬಾಗು ಉಳಿಯುವಂತಿರಬೇಕು. ಈ ಎತ್ತರದಲ್ಲಿ ನಿಂತಾಗ ಎರಡೂ ಪಾದ ಚಪ್ಪಟೆಯಾಗಿ ನೆಲ ಮುಟ್ಟುವುದಿಲ್ಲ, ಬೆರಳ ತುದಿ ಮುಟ್ಟಿದರೆ ಸಾಕು. ಹೊಸದರಲ್ಲಿ ಅಂಜಿಕೆಯಾದರೆ ಒಂದು ಅಂಗುಲ ಇಳಿಸಿಕೊಳ್ಳಿ, ಅದಕ್ಕಿಂತ ಹೆಚ್ಚು ಬೇಡ. ಏರು ಬಂದರೆ ಇಳಿದು ತಳ್ಳಿರಿ. ತಳ್ಳಿಕೊಂಡು ಹೋಗುವುದೂ ಸೈಕಲ್ ಸವಾರಿಯ ಭಾಗವೇ. ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರರು ದಿನಾ ಹಾಗೆಯೇ ಬರುತ್ತಿದ್ದರು, ಅವರ ಗಾಂಭೀರ್ಯಕ್ಕೆ ಒಂದಿಷ್ಟೂ ಕುಂದು ಬಂದಿರಲಿಲ್ಲ.

ಸೀರೆಯಲ್ಲಿ ಸೈಕಲ್ ತುಳಿಯಬಹುದಾದರೂ ಅಪರಿಚಿತ ಸೈಕಲ್ಲಿನಲ್ಲಿ ಬೇಡ ಎನ್ನುತ್ತೇನೆ. ಹಿಂದೆ ಹೆಂಗಸರ ಸೈಕಲ್ಲಿನ ಹಿಂಚಕ್ರಕ್ಕೆ ಎರಡೂ ಬದಿ ಜಾಲರಿ ಇರುತ್ತಿತ್ತು, ಚೈನನ್ನು ಪೂರ್ತಿ ಮುಚ್ಚುವ ಕವರೂ ಇರುತ್ತಿತ್ತು. ಈಗಿನ ಬಾಡಿಗೆ ಸೈಕಲ್ಲುಗಳಲ್ಲಿ ಅವೆರಡೂ ಇವೆಯೆಂದು ನಂಬಿಕೊಂಡು ಹೋಗಬಾರದು. ಚೂಡಿದಾರ್ ಹಾಕಿ, ದುಪ್ಪಟ್ಟವನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿ. ಅಡ್ಡದಂಡವಿಲ್ಲದ ಸೈಕಲ್ಲನ್ನೇ ಕೇಳಿ ಪಡೆಯಿರಿ. ಬೆಳಿಗ್ಗೆ ಒಂಬತ್ತರೊಳಗೆ ನಿಮ್ಮ ಸುತ್ತಾಟ ಮುಗಿಯುವಂತೆ ನೋಡಿಕೊಂಡರೆ ಮೈಸೂರಿನ ಅಗಲವಾದ ರಸ್ತೆಗಳು ನಿಮಗೆ ಅನುಕೂಲವಾಗಿಯೇ ಇರುತ್ತವೆ. ಆ ಅಗಲವೂ ಪುಕ್ಕಟೆ ಬಂದದ್ದಲ್ಲ: ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗು ಊರನ್ನು ಹಿಂಡಿದ ಮೇಲೆ, 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಟ್ರಸ್ಟ್ ಬೋರ್ಡನ್ನು ನೇಮಿಸಿ, ಕಿಕ್ಕಿರಿದ ಕೇರಿಗಳ ಬದಲು ಗಾಳಿ ಬೆಳಕಿನ ಬಡಾವಣೆಗಳನ್ನು ಮಾಡಿದ್ದರ ಫಲವದು.

ಪ್ರಶ್ನೆ: ನಾವು ಸ್ನೇಹಿತರು ಸ್ಕೂಟರನ್ನೇ ಬಾಡಿಗೆಗೆ ಪಡೆಯುವವರು. ಬಿಳಿ ನಂಬರ್ ಪ್ಲೇಟಿನ ಗಾಡಿಯನ್ನು ಒಬ್ಬರು ಕಡಿಮೆ ಬಾಡಿಗೆಗೆ ಕೊಡುತ್ತೇನೆನ್ನುತ್ತಿದ್ದಾರೆ, ಆದರೆ ಲೈಸೆನ್ಸಿನ ಮೂಲಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳುತ್ತಾರಂತೆ. ಒಪ್ಪಬಹುದೇ? – ಬಳ್ಳಾರಿಯ ಓದುಗರು

ಉತ್ತರ: ಎರಡನ್ನೂ ಒಪ್ಪಬೇಡಿ. ಸವಾರನೇ ಓಡಿಸುವ ಬಾಡಿಗೆ ಗಾಡಿಯ ನಂಬರ್ ಪ್ಲೇಟು ಕಪ್ಪು, ಅದರ ಮೇಲಿನ ಅಕ್ಷರ ಹಳದಿ. ದ್ವಿಚಕ್ರ ವಾಹನಗಳನ್ನು ಹೀಗೆ ಬಾಡಿಗೆಗೆ ಕೊಡಲು ಕೇಂದ್ರ ಸರ್ಕಾರ 1997ರಲ್ಲಿ ಒಂದು ಯೋಜನೆಯನ್ನೇ ರೂಪಿಸಿದೆ. ಅದರಂತೆ ಪರವಾನಗಿ ಪಡೆದವರು ಮಾತ್ರ ಈ ವ್ಯವಹಾರ ಮಾಡತಕ್ಕದ್ದು. ಬಿಳಿ ಪ್ಲೇಟಿನದು ಸ್ವಂತ ಬಳಕೆಯ ಗಾಡಿ, ಅದರ ವಿಮೆಯೂ ಸ್ವಂತ ಬಳಕೆಗೆ ಮಾಡಿಸಿದ್ದು. ಏನೂ ಆಗದಿದ್ದರೆ ನಿಮಗೆ ನೂರಿನ್ನೂರು ರೂಪಾಯಿ ಉಳಿಯುತ್ತದೆ, ನಿಜ. ಅಪಘಾತವಾದರೆ ಬಾಡಿಗೆಗೆ ಓಡುತ್ತಿತ್ತೆಂಬ ಕಾರಣಕ್ಕೆ ವಿಮಾ ಕಂಪನಿ ಕೈಯೆತ್ತುವ ಸಾಧ್ಯತೆಯಿದೆ. ಆಗ ಗಾಡಿಯ ಯಜಮಾನರು ‘ಸ್ನೇಹಿತ ಅಂತ ಕೊಟ್ಟಿದ್ದೆ’ ಎನ್ನುತ್ತಾರೆ, ನಿಮ್ಮ ಬಳಿ ಒಂದು ರಸೀದಿಯೂ ಇರುವುದಿಲ್ಲ.

ಲೈಸೆನ್ಸ್ ಸವಾರನ ಬಳಿಯೇ ಇರಬೇಕಾದ ಕಾಗದ. ಅದನ್ನು ಒತ್ತೆ ಇಟ್ಟು ರಸ್ತೆಗಿಳಿದರೆ ಪೊಲೀಸರಿಗೆ ತೋರಿಸುವುದೇನನ್ನು? ಡಿಜಿಲಾಕರಿನಲ್ಲಿರುವುದನ್ನು ತೋರಿಸಬಹುದು, ಹಾಗೆಂದು ಮೂಲಪ್ರತಿಯನ್ನು ಪರರ ಮೇಜಿನ ಡ್ರಾಯರಿನಲ್ಲಿ ಬಿಡುವುದು ಜಾಣತನವಲ್ಲ. ನಕಲು ಪ್ರತಿ ಕೊಡಿ, ಠೇವಣಿಯಾಗಿ ಹಣ ಕೊಡಿ, ಎರಡಕ್ಕೂ ಬರವಣಿಗೆಯಲ್ಲಿ ರಸೀದಿ ಪಡೆಯಿರಿ. ಗೇರ್ ಇಲ್ಲದ ಗಾಡಿಗೆ ಮಾತ್ರ ಲೈಸೆನ್ಸ್ ಇರುವವರು ಬೈಕಿನ ಆಸೆಗೆ ಹೋಗಬೇಡಿ. ಹೆಲ್ಮೆಟ್ ಎರಡು ಕೇಳಿ. ಹಿಂದೆ ಕೂರುವವರಿಗೂ ನಮ್ಮ ರಾಜ್ಯದಲ್ಲಿ 2016ರಿಂದ ಅದು ಕಡ್ಡಾಯ. ಕೊಡುವ ಎರಡನೆಯ ಹೆಲ್ಮೆಟ್ಟಿನ ಪಟ್ಟಿ ಕಿತ್ತುಹೋಗಿರುವುದೇ ಹೆಚ್ಚು, ಅಲ್ಲೇ ತಲೆಗೆ ಹಾಕಿ ಬಿಗಿದು ನೋಡಿ.

ಇನ್ನು ನನಗಾದ ಪಾಠವನ್ನೂ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಊರಿನಲ್ಲಿ ಸ್ಕೂಟರ್ ಬಾಡಿಗೆಗೆ ಪಡೆದಿದ್ದೆ. ಸಂಜೆ ಮರಳಿಸಿದಾಗ ಅಂಗಡಿಯವರು ಬಗ್ಗಿ ಕುಳಿತು, ಕಾಲಿಡುವ ಹಲಗೆಯ ಕೆಳ ಅಂಚಿನಲ್ಲಿದ್ದ ಒಂದು ಗೀರನ್ನು ಬೆರಳಿನಿಂದ ಸವರಿ, ಇದು ಹೊಸದು ಎಂದರು. ಗೀರಿನೊಳಗೆ ಒಣಗಿದ ಕೆಂಪು ಮಣ್ಣು ತುಂಬಿಕೊಂಡಿತ್ತು. ಆ ಊರಿನಲ್ಲಿ ಆಗ ಹದಿನೈದು ದಿನದಿಂದ ಮಳೆಯಿಲ್ಲ, ನಾನು ಓಡಾಡಿದ್ದೆಲ್ಲ ಟಾರು ರಸ್ತೆ. ವಾದ ಮಾಡಿದೆ. ಆದರೆ ಬೆಳಿಗ್ಗೆ ತೆಗೆದ ಚಿತ್ರ ನನ್ನ ಬಳಿ ಇರಲಿಲ್ಲ, ಬಸ್ಸಿಗೆ ಹೊತ್ತಾಗುತ್ತಿತ್ತು. ಠೇವಣಿಯ ಅರ್ಧ ಹಣ ಅಲ್ಲೇ ಉಳಿಯಿತು. ಅಂದಿನಿಂದ ಕೀಲಿಕೈ ಪಡೆಯುವ ಮುನ್ನ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕೊಡುವವರು ನೋಡುತ್ತಿರುವಾಗಲೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತೇನೆ. ಕೊನೆಗೆ ಮೀಟರಿನ ಮೇಲಿನ ಕಿಲೋಮೀಟರನ್ನೂ ಪೆಟ್ರೋಲ್ ಮುಳ್ಳನ್ನೂ ಗಟ್ಟಿಯಾಗಿ ಓದುತ್ತೇನೆ. ಹೀಗೆ ಮಾಡುವಾಗ ಮುಖ ಸಿಂಡರಿಸಿಕೊಳ್ಳುವವರ ಬಳಿ ಗಾಡಿ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: ಬಾಡಿಗೆ ಗಾಡಿಯಲ್ಲಿ ಚಾಮುಂಡಿ ಬೆಟ್ಟ ಮತ್ತು ಶ್ರೀರಂಗಪಟ್ಟಣ ಎರಡನ್ನೂ ಒಂದೇ ದಿನ ಮುಗಿಸಬಹುದೇ? – ವಿಜಯಪುರದ ಓದುಗರು

ಉತ್ತರ: ಸ್ಕೂಟರಿನಲ್ಲಿ ಮುಗಿಸಬಹುದು, ಸೈಕಲ್ಲಿನಲ್ಲಾದರೆ ಎರಡು ದಿನ ಇಟ್ಟುಕೊಳ್ಳಿ.

ಬೆಟ್ಟಕ್ಕೆ ಸೈಕಲ್ ತುಳಿದೇ ಹತ್ತುವವರು ಮೈಸೂರಿನಲ್ಲಿ ಬೆಳಗಾದರೆ ಕಾಣಸಿಗುತ್ತಾರೆ, ಆದರೆ ಅವರದು ಪಳಗಿದ ಕಾಲು, ಗೇರಿನ ಸ್ವಂತ ಸೈಕಲ್ಲು. ಬಾಡಿಗೆಯ ಭಾರದ ಸೈಕಲ್ಲಿನಲ್ಲಿ ಅದನ್ನು ಅನುಕರಿಸಬೇಡಿ. ಇನ್ನೊಂದು ಉಪಾಯವಿದೆ: ಬೆಟ್ಟದ ಪಾದದವರೆಗೆ ಸೈಕಲ್ಲಿನಲ್ಲಿ ಹೋಗಿ, ಅಲ್ಲಿ ಬೀಗ ಹಾಕಿ, ಸಾವಿರ ಮೆಟ್ಟಿಲುಗಳ ಹಾದಿ ಹಿಡಿಯಿರಿ. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲಕ್ಕೆ ಆದ ಮೆಟ್ಟಿಲುಗಳಿವು, ದಾರಿಯ ನಡುವಿನ ಏಕಶಿಲೆಯ ನಂದಿಯೂ ಅದೇ ಕಾಲದ್ದು. ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ, ಸೊಂಟ ಬಗ್ಗಿಸಿಯೇ ಮೇಲೇರುವ ಹೆಂಗಸರನ್ನು ಈ ಹಾದಿಯಲ್ಲಿ ಕಾಣುವಿರಿ. ರಸ್ತೆಯಲ್ಲಿ ಹೋದವರಿಗೆ ಆ ನೋಟವಿಲ್ಲ.

ಸ್ಕೂಟರಿನಲ್ಲಿ ಬೆಟ್ಟ ಇಳಿಯುವಾಗ ಒಂದು ಎಚ್ಚರಿಕೆ. ಪೆಟ್ರೋಲ್ ಉಳಿಯುತ್ತದೆಂದು ಎಂಜಿನ್ ಬಂದ್ ಮಾಡಿ ಜಾರಬೇಡಿ. ಉದ್ದಕ್ಕೂ ಬ್ರೇಕು ಅದುಮಿಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ತಿರುವಿಗೆ ಮುನ್ನ ವೇಗ ತಗ್ಗಿಸಿ, ಎರಡೂ ಬ್ರೇಕುಗಳನ್ನು ಬಿಟ್ಟು ಬಿಟ್ಟು ಹಿಡಿಯಿರಿ.

ಶ್ರೀರಂಗಪಟ್ಟಣ ಹದಿನೈದು ಹದಿನಾರು ಕಿಲೋಮೀಟರ್. ಹೊರ ಊರಿನವರು ಎಡವುವುದು ಇಲ್ಲೇ. ಮೊಬೈಲ್ ನಕ್ಷೆ ತೋರಿಸುವ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೂ ಆಟೋಗಳಿಗೂ ಪ್ರವೇಶವಿಲ್ಲ. ನಕ್ಷೆಯಲ್ಲಿ ಬೈಕಿನ ಚಿತ್ರವನ್ನು ಆರಿಸಿಕೊಂಡು ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಿರಿ. ದ್ವೀಪ ಮುಟ್ಟಿದ ಮೇಲೆ ಮಾತ್ರ ಸೈಕಲ್ಲಿನಷ್ಟು ಒಳ್ಳೆಯ ವಾಹನವಿಲ್ಲ. ರಂಗನಾಥಸ್ವಾಮಿ ದೇವಾಲಯ, 1784ರ ದರಿಯಾ ದೌಲತ್ ಬಾಗ್ ಎಂಬ ಟಿಪ್ಪುವಿನ ಬೇಸಿಗೆ ಅರಮನೆಯ ಗೋಡೆಚಿತ್ರಗಳು, ಟಿಪ್ಪುವಿನ ಸಮಾಧಿ ಇರುವ ಗುಂಬಜ್, ಕೊನೆಗೆ ಕಾವೇರಿಯ ಕವಲುಗಳು ಮತ್ತೆ ಕೂಡುವ ಸಂಗಮ, ಇವೆಲ್ಲ ಪಶ್ಚಿಮದಿಂದ ಪೂರ್ವಕ್ಕೆ ಒಂದೇ ದಾರಿಯ ಮೇಲೆ ದಾರಕ್ಕೆ ಪೋಣಿಸಿದಂತಿವೆ. ಬಸ್ಸಿನಲ್ಲಿ ಬಂದು, ಅಲ್ಲಿ ಬಾಡಿಗೆ ಸೈಕಲ್ ಸಿಕ್ಕರೆ ನಿಮ್ಮ ಅದೃಷ್ಟ.

ಪ್ರಶ್ನೆ: ನಮ್ಮ ಕಾಲದಲ್ಲಿ ಊರೂರಿಗೂ ಬಾಡಿಗೆ ಸೈಕಲ್ ಅಂಗಡಿಗಳಿದ್ದವು. ಈಗ ಅದನ್ನೇ ವಿದೇಶದ ಹೊಸ ಶೋಧವೆಂಬಂತೆ ಹೇಳುತ್ತಾರಲ್ಲ? – ಕುಂದಾಪುರದ ಓದುಗರು

ಉತ್ತರ: ನಿಮ್ಮ ಅಸಮಾಧಾನ ಅರ್ಧ ಸರಿ. ನಾನೂ ಆ ಅಂಗಡಿಯ ಗಿರಾಕಿಯೇ. ಚೈನ್ ಕವರಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು, ದಾರದಿಂದ ಪೆನ್ಸಿಲ್ ಕಟ್ಟಿದ ನೋಟ್‌ಬುಕ್ಕು, ಒಂದು ಗಂಟೆ ಮುಗಿಯುವ ಮೊದಲು ಅಂಗಡಿಯ ಮುಂದೆ ತಂದು ನಿಲ್ಲಿಸಲು ಎದೆ ಡವಗುಟ್ಟಿಸಿಕೊಂಡು ತುಳಿಯುತ್ತಿದ್ದುದು, ಅಡ್ಡದಂಡದ ಕೆಳಗೆ ಕಾಲು ತೂರಿಸಿ ಅರ್ಧ ಪೆಡಲ್ ಹೊಡೆದದ್ದು ಎಲ್ಲ ನೆನಪಿದೆ. ಅಲ್ಲಿ ಠೇವಣಿ ಇರಲಿಲ್ಲ. ‘ಯಾರ ಮಗ’ ಎಂಬ ಒಂದು ಪ್ರಶ್ನೆಯೇ ಠೇವಣಿ.

ಉಳಿದರ್ಧ ಇರುವುದು ಅಲ್ಲೇ. ಗುರುತು ಪರಿಚಯವಿಲ್ಲದವನಿಗೆ ಸೈಕಲ್ ಕೊಡುವುದು ಹೇಗೆ ಎಂಬುದಕ್ಕೆ ನಮ್ಮ ಅಂಗಡಿಯವರಲ್ಲಿ ಉತ್ತರವಿರಲಿಲ್ಲ. ಹೊರ ದೇಶದವರು ಬಿಡಿಸಲು ಹೆಣಗಿದ್ದು ಆ ಗಂಟನ್ನು. 1965ರಲ್ಲಿ ಆಮ್‌ಸ್ಟರ್‌ಡ್ಯಾಮಿನ ‘ಪ್ರೊವೊ’ ಎಂಬ ಯುವಕರ ಗುಂಪು ಕೆಲವು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು, ಬೀಗವಿಲ್ಲದೆ, ಯಾರು ಬೇಕಾದರೂ ಬಳಸಲಿ ಎಂದು ಬೀದಿಯಲ್ಲಿ ಬಿಟ್ಟಿತು. ಬೀಗ ಹಾಕದೆ ಸೈಕಲ್ ಬಿಡುವುದು ಕಾನೂನಿಗೆ ವಿರುದ್ಧವೆಂದು ಪೊಲೀಸರು ಅವನ್ನು ಎತ್ತಿಕೊಂಡು ಹೋದರು. 1995ರಲ್ಲಿ ಕೋಪನ್‌ಹೇಗನ್ ನಗರ ನಾಣ್ಯ ಹಾಕಿದರೆ ಬಿಡುಗಡೆಯಾಗುವ, ಮರಳಿಸಿದರೆ ನಾಣ್ಯ ವಾಪಸು ಕೊಡುವ ಸೈಕಲ್ಲುಗಳನ್ನು ತಂದಿತು. ಆದರೆ ನಾಣ್ಯಕ್ಕೆ ಹೆಸರಿರುವುದಿಲ್ಲವಾಗಿ, ಕದ್ದವನು ಯಾರೆಂದು ತಿಳಿಯುತ್ತಿರಲಿಲ್ಲ. ಬಳಸುವವನ ಹೆಸರು ಕಾರ್ಡಿನಲ್ಲಿ ದಾಖಲಾಗತೊಡಗಿದ ಮೇಲೆ, 2007ರಲ್ಲಿ ಪ್ಯಾರಿಸ್ಸಿನ ‘ವೆಲಿಬ್’ ಸಾವಿರಗಟ್ಟಲೆ ಸೈಕಲ್ಲುಗಳೊಂದಿಗೆ ಬಂದು ಜಗತ್ತಿನ ಕಣ್ಣು ಸೆಳೆಯಿತು. ‘ಯಾರ ಮಗ’ ಎಂಬ ನಮ್ಮ ಅಂಗಡಿಯವರ ಪ್ರಶ್ನೆಯನ್ನೇ ಈಗ ಯಂತ್ರ ಕೇಳುತ್ತಿದೆ ಎಂದರೂ ತಪ್ಪಾಗಲಾರದು.

ಪ್ರಶ್ನೆ: ದಸರಾ ಸಮಯದಲ್ಲಿ ಸೈಕಲ್ ಬಾಡಿಗೆಗೆ ಪಡೆದು ಸುತ್ತಬಹುದೇ? – ಚಾಮರಾಜನಗರದ ಓದುಗರು

ಉತ್ತರ: ಬೆಳಿಗ್ಗೆ ಧಾರಾಳವಾಗಿ, ಸಂಜೆ ಖಂಡಿತ ಬೇಡ. ದೀಪಾಲಂಕಾರ ನೋಡಲು ಬರುವ ಜನಸಂದಣಿಯಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಹೋಗುವುದೂ ಕಷ್ಟ. ಜಂಬೂ ಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗಿನ ಮೆರವಣಿಗೆಯ ದಾರಿ ಮುಚ್ಚಿರುತ್ತದೆ, ಆ ದಿನ ಕಾಲ್ನಡಿಗೆಯೇ ಗತಿ. ಅರಮನೆಯ ದೀಪ ನೋಡುವುದೇ ಉದ್ದೇಶವಾದರೆ ದಸರೆಗೇ ಬರಬೇಕೆಂದಿಲ್ಲ. ಭಾನುವಾರಗಳಂದೂ ಸಂಜೆ ಏಳಕ್ಕೆ ಆ ದೀಪಗಳು ಬೆಳಗುತ್ತವೆ.

ಪ್ರಶ್ನೆ: ನನ್ನ ಮಗಳು ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ನಗರದಲ್ಲಿದ್ದಾಳೆ. ಬೇಸಿಗೆಯಲ್ಲಿ ಅಲ್ಲಿಗೆ ಹೋಗುತ್ತಿದ್ದೇನೆ. ‘ಅಪ್ಪಾ, ಇಲ್ಲಿ ಸೈಕಲ್ ಬಾಡಿಗೆಗೆ ತಗೊಂಡೇ ಓಡಾಡೋಣ’ ಎನ್ನುತ್ತಾಳೆ. ನಾನು ಇಂದಿಗೂ ದಿನಾ ಸೈಕಲ್ ತುಳಿಯುವವನು. ವಿಶೇಷವಾಗಿ ತಿಳಿಯಬೇಕಾದದ್ದು ಏನಾದರೂ ಇದೆಯೇ? – ಬೆಳಗಾವಿಯ ಓದುಗರು

ಉತ್ತರ: ಇದೆ, ಮತ್ತು ಅದು ದಿನಾ ತುಳಿಯುವವರಿಗೇ ಹೆಚ್ಚು ಬೇಕಾದದ್ದು. ಅಲ್ಲಿಯ ರೈಲು ನಿಲ್ದಾಣಗಳಲ್ಲಿ ‘ಓವಿ ಫೀಟ್ಸ್’ ಎಂಬ ನೀಲಿ ಹಳದಿ ಬಣ್ಣದ ಬಾಡಿಗೆ ಸೈಕಲ್ಲುಗಳು ಸಿಗುತ್ತವೆ. ಮಗಳ ಕಾರ್ಡಿನಲ್ಲೇ ನಿಮಗೂ ಒಂದನ್ನು ಪಡೆಯಬಹುದು. ಹ್ಯಾಂಡಲ್ ನೋಡಿದರೆ ನಮ್ಮಂತೆ ಎರಡು ಬ್ರೇಕಿನ ಹಿಡಿ ಕಾಣುವುದಿಲ್ಲ. ಹಿಂಬ್ರೇಕು ಇರುವುದು ಪೆಡಲಿನಲ್ಲಿ: ಹಿಂದಕ್ಕೆ ತುಳಿದರೆ ಗಾಡಿ ನಿಲ್ಲುತ್ತದೆ. ನಾವೋ, ಇಳಿಜಾರಿನಲ್ಲಿ ಸುಮ್ಮನೆ ಸಾಗುವಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿ ‘ಕಿರ್ ಕಿರ್’ ಎನಿಸುತ್ತ ಹೋಗುವ ಅಭ್ಯಾಸದವರು. ಅಲ್ಲಿ ಹಾಗೆ ಮಾಡಿದರೆ ಹಿಂಚಕ್ರ ತಟಕ್ಕನೆ ಕಚ್ಚಿಕೊಂಡು, ಬೆನ್ನ ಹಿಂದೆ ಬರುತ್ತಿರುವ ಹತ್ತು ಸೈಕಲ್ಲುಗಳ ದಾರಿಗೆ ಅಡ್ಡವಾಗುತ್ತೀರಿ. ಮೊದಲ ದಿನ ಯಾವುದಾದರೂ ಉದ್ಯಾನದ ಬದಿಯಲ್ಲಿ ಅರ್ಧ ಗಂಟೆ ಇದನ್ನು ಕಾಲಿಗೆ ಕಲಿಸಿ. ಸೈಕಲ್ ಹತ್ತುವಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿ ಮೇಲೆ ತಂದುಕೊಳ್ಳುವುದೂ ಆಗದು. ನಿಲ್ಲುವಾಗಲೇ ಪೆಡಲ್ ಎಲ್ಲಿ ನಿಂತಿತೆಂದು ನೋಡಿಕೊಳ್ಳಬೇಕು.

ಎರಡನೆಯದು, ಅಲ್ಲಿ ರಸ್ತೆಯ ಬಲಬದಿಯ ಸಂಚಾರ. ನೇರ ಹೋಗುವಾಗ ಮರೆಯುವುದಿಲ್ಲ, ಎಡಕ್ಕೆ ತಿರುಗಿದ ಕೂಡಲೇ ಹಳೆಯ ಅಭ್ಯಾಸ ನಮ್ಮನ್ನು ಎಡ ಅಂಚಿಗೆ ಎಳೆಯುತ್ತದೆ. ಫಲಕಗಳಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಕೆಂಪು ಟಾರಿನ ಪಥ ಸೈಕಲ್ಲಿನದು. ಅಲ್ಲಿ ನಿಂತು ಫೋಟೊ ತೆಗೆಯುವವರಿಗೆ ಗಂಟೆ ಬಾರಿಸಿ ಬುದ್ಧಿ ಹೇಳುತ್ತಾರೆ. ಕತ್ತಲಾದ ಮೇಲೆ ಹಿಂದೆ ಮುಂದೆ ದೀಪವಿರಬೇಕು. ತುಳಿಯುತ್ತ ಮೊಬೈಲ್ ಕೈಯಲ್ಲಿ ಹಿಡಿಯುವುದಕ್ಕೆ 2019ರಿಂದ ದಂಡವಿದೆ. ಆಮ್‌ಸ್ಟರ್‌ಡ್ಯಾಮಿಗೂ ಹೋಗುವುದಾದರೆ ಟ್ರಾಮಿನ ಹಳಿಗಳನ್ನು ಓರೆಯಾಗಿ ದಾಟಬೇಡಿ. ಚಕ್ರ ಹಳಿಯ ಸಂದಿಗೆ ಇಳಿದುಬಿಡುತ್ತದೆ, ನೇರಕ್ಕೆ ಅಡ್ಡ ದಾಟಿ.

ಉಟ್ರೆಕ್ಟ್ ನಿಲ್ದಾಣದ ಕೆಳಗಿನ ಸೈಕಲ್ ತಂಗುದಾಣದಲ್ಲಿ ಸುಮಾರು 12,500 ಸೈಕಲ್ಲುಗಳಿಗೆ ಜಾಗವಿದೆ. ನಿಮ್ಮದನ್ನು ನಿಲ್ಲಿಸಿದ ಸಾಲಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳದೆ ಮೇಲೆ ಹೋಗಬೇಡಿ. ಇನ್ನೊಂದು ಮಾತು: ಮೈಸೂರಿನ ಟ್ರಿಣ್ ಟ್ರಿಣ್‌ನಂತೆ ಆ ನೀಲಿ ಹಳದಿ ಸೈಕಲ್ಲನ್ನು ಬೇರೊಂದು ನಿಲ್ದಾಣದಲ್ಲಿ ಬಿಟ್ಟು ಬರಬೇಡಿ. ಪಡೆದಲ್ಲಿಗೇ ಮರಳಿಸದಿದ್ದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ, ಅದು ಮಗಳ ಲೆಕ್ಕಕ್ಕೆ.